ಓಟದ ತಾಳಿಕೆಗೆ ಬಲವೇ ಆಧಾರ

ಬನಶಂಕರಿ, ಜೆ.ಪಿ. ನಗರಗಳ ಆಚೆಗಿನ ಗ್ರಾಮಗಳಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ಸಿದ್ಧರಾಗುವ ಯುವಜನರಿದ್ದಾರೆ. ಸದರಿ ನೇಮಕಾತಿಯ ಸಹಿಷ್ಣುತೆ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕು, 7.26 ಕಿ.ಗ್ರಾಂ. ತೂಕದ ಗುಂಡನ್ನೂ ಎಸೆಯಬೇಕು. ಆದಾಗ್ಯೂ, ಭಾರ ಎತ್ತಿದರೆ ಮೈ ದಪ್ಪಗಾಗಿ ಓಟ ಕುಂದುವುದೆಂದು ಭಾವಿಸಿ ಕೆಲವರು ಓಟವನ್ನಷ್ಟೇ ಅಭ್ಯಸಿಸುವರು.

ಈ ಭಾವನೆ ಸರಿಯಲ್ಲ. ತಾಳಿಕೆಯು ಹೃದಯ, ಶ್ವಾಸಕೋಶಗಳನ್ನು ಮಾತ್ರ ಅವಲಂಬಿಸಿಲ್ಲ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಒಂದೇ ಕಾಲು ದೇಹತೂಕದ ಎರಡು ಮೂರು ಪಟ್ಟು ಒತ್ತಡವನ್ನು ತಾಳುತ್ತದೆ. ಸ್ನಾಯು ಬಲಿಷ್ಠವಾದಷ್ಟೂ ಆ ಹೆಜ್ಜೆಗೆ ಅದರ ಶಕ್ತಿಯ ಅಲ್ಪಾಂಶವೇ ಸಾಕಾಗುತ್ತದೆ. ಸ್ನಾಯುವನ್ನು ಮೂಳೆಗೆ ಬಂಧಿಸುವ ಸ್ನಾಯುರಜ್ಜುಗಳು ಬಿಗಿಗೊಂಡು ಸ್ಪ್ರಿಂಗಿನಂತೆ ಚಿಮ್ಮುತ್ತವೆ. ತತ್ಪರಿಣಾಮವಾಗಿ ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ವ್ಯಯವಾಗಿ, ದಣಿವು ತಡವಾಗಿ ಬರುತ್ತದೆ.

ಆರಂಭಕ್ಕೆ ಗರಡಿಮನೆಯ ದಂಡ, ಬಸ್ಕಿಗಳೇ ಸಾಕು. ಅನಂತರ ಭಾರವನ್ನು ಕ್ರಮೇಣ ಹೆಚ್ಚಿಸಬೇಕು. ಓಟವನ್ನು ಮುಂದುವರಿಸುತ್ತಾ ವಾರಕ್ಕೆ ಎರಡು ದಿನ, ನಡುವೆ ಬಿಡುವು ನೀಡಿ ಅಭ್ಯಸಿಸಿದರೆ ಮೈ ದಪ್ಪಗಾಗುವ ಭಯವಿಲ್ಲ. ಫಲ ಕಾಣಲು ಎರಡು ಮೂರು ತಿಂಗಳು ಬೇಕಾಗುವುದರಿಂದ, ಅರ್ಜಿ ಆಹ್ವಾನಿಸಿದ ಮೇಲೆ ಆರಂಭಿಸಿದರೆ ಕಾಲಾವಕಾಶ ಸಾಲದೆ ಹೋಗಬಹುದು.

ಜಯನಗರದ ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣದವರೆಗೆ ನಿತ್ಯ ಹೋಗಿಬರುವುದು ಗ್ರಾಮದ ಎಲ್ಲರಿಗೂ ಸಾಧ್ಯವಾಗದು. ಆದುದರಿಂದ ಮಾನ್ಯ ಸದಸ್ಯರು ಶಾಲಾ ಮುಖ್ಯಸ್ಥರೊಡನೆ ಸಮಾಲೋಚಿಸಿ, ಶಾಲಾ ಮೈದಾನವು ಮುಂಜಾನೆ ಯುವಕರಿಗೂ ಯುವತಿಯರಿಗೂ ಸಮಾನವಾಗಿ ದೊರೆಯುವಂತೆ ಕ್ರಮ ವಹಿಸುವುದು ಉಚಿತ. ಅಭ್ಯಾಸಕ್ಕೆ ಒಂದು ಗುಂಡು, ಸಮತಟ್ಟಾದ ನೆಲ ಇಷ್ಟಿದ್ದರೂ ಸಾಕು.