ಬೆಟ್ಟದ ದಾರಿಯ ಲೆಕ್ಕ: ನಾಪೋಕ್ಲಿನ ಸುತ್ತ ಸೈಕಲ್ ಸಂಚಾರ

ಬಯಲುಸೀಮೆಯಲ್ಲಿ ಸೈಕಲ್ ಹತ್ತಿ ಹೊರಡುವವನು ಕೇಳುವ ಪ್ರಶ್ನೆ ಒಂದೇ: ಊರು ಎಷ್ಟು ದೂರ? ಮಲೆನಾಡಿನಲ್ಲಿ ಈ ಪ್ರಶ್ನೆಯ ಉತ್ತರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಭಾಗಮಂಡಲದಿಂದ ತಲಕಾವೇರಿಗೆ ಸುಮಾರು 8 ಕಿಲೋಮೀಟರು. ಹೋಗುವಾಗ ಆ ದಾರಿ ಮೈಯನ್ನೆಲ್ಲ ಬೆವರಿನಲ್ಲಿ ತೋಯಿಸುತ್ತದೆ. ಬರುವಾಗ ಅದೇ ದಾರಿ ಪೆಡಲನ್ನು ತುಳಿಯದೆಯೇ ಕಳೆದುಹೋಗುತ್ತದೆ. ಈ ವ್ಯತ್ಯಾಸದ ಮರ್ಮವನ್ನು ಬಲ್ಲವನಿಗೆ ಕೊಡಗಿನ ದಾರಿ ಸುಖಕರವೂ ನಿರಪಾಯಕರವೂ ಆಗುವುದು. ಅರಿಯದವನಿಗೆ ಏರಿನಲ್ಲಿ ಆಯಾಸ ಕಾದಿದ್ದರೆ, ಇಳಿಜಾರಿನಲ್ಲಿ ಅದಕ್ಕಿಂತ ಕೆಟ್ಟದ್ದು ಕಾದಿರುತ್ತದೆ.

ಮಡಿಕೇರಿ ತಾಲ್ಲೂಕಿನ ನಾಪೋಕ್ಲು ಇಂಥ ಸಂಚಾರಕ್ಕೆ ಹೇಳಿ ಮಾಡಿಸಿದ ಊರು. ಕಾವೇರಿಯ ಮೇಲ್ಕಣಿವೆಯಲ್ಲಿರುವ ಈ ಪೇಟೆಯಿಂದ ದಾರಿಗಳು ಹಲವು ಕಡೆಗೆ ಕವಲೊಡೆಯುತ್ತವೆ. ಭಾಗಮಂಡಲದ ಕಡೆಗೆ ಹೊರಟರೆ ಗದ್ದೆಬಯಲು, ಕಾಫಿ ತೋಟಗಳ ನಡುವೆ ಸಣ್ಣಪುಟ್ಟ ಏರಿಳಿತಗಳು ಎದುರಾಗುತ್ತವೆ. ಕಣಿವೆಯನ್ನು ಅನುಸರಿಸುವ ದಾರಿಗಳ ಸ್ವಭಾವವೇ ಅದು. ಮೂರ್ನಾಡಿನ ಮೂಲಕ ಮಡಿಕೇರಿಗೆ ಹೊರಟವನು ಬೆಟ್ಟದ ಏಣಿನ ಮೇಲಿರುವ ಊರಿಗೆ ಏರಲೇಬೇಕು. ಕಕ್ಕಬ್ಬೆಯ ದಾರಿಯಾದರೋ 1,748 ಮೀಟರು ಎತ್ತರದ ತಡಿಯಂಡಮೋಳ್ ಶಿಖರದ ದಿಕ್ಕಿಗೆ ಸಾಗುತ್ತದೆ. ಆ ಬೆಟ್ಟದ ಬುಡದಲ್ಲಿಯೇ ದೊಡ್ಡ ವೀರರಾಜೇಂದ್ರನು 18ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಹೆದ್ದಾರಿಯ ಗದ್ದಲ ಈ ದಾರಿಗಳಲ್ಲಿಲ್ಲ. ಆದರೆ ಗದ್ದಲವಿಲ್ಲದ ದಾರಿಯೆಲ್ಲ ಸುಲಭದ ದಾರಿಯೆಂದು ಭಾವಿಸಲಾಗದು.

ನಕ್ಷೆ ಹೇಳುವ ಮಾತು

ಹಳ್ಳಿಗಾಡಿನ ಮೌನದಾರಿಗಳಲ್ಲಿ ಸೈಕಲ್ ಪ್ರವಾಸ ಮಾಡುವ ಸಂಪ್ರದಾಯ ಇಂಗ್ಲೆಂಡಿನಲ್ಲಿ ಬಹು ಹಳೆಯದು. ಅಲ್ಲಿ ಸೈಕಲ್ ಪ್ರವಾಸಿಗರ ಸಂಘ 1878ರಲ್ಲಿಯೇ ಹುಟ್ಟಿತು. ಆ ದೇಶದ ಸರ್ವೇಕ್ಷಣ ನಕ್ಷೆಗಳಲ್ಲಿ ಕಡಿದಾದ ರಸ್ತೆಗಳ ಮೇಲೆ ಬಾಣದ ಗುರುತುಗಳಿರುತ್ತವೆ. ಏಳು ಮೀಟರು ಸಾಗುವುದರೊಳಗೆ ಒಂದು ಮೀಟರು ಏರುವ ದಾರಿಗೆ ಒಂದು ಬಾಣ, ಐದು ಮೀಟರಿಗೇ ಒಂದು ಮೀಟರು ಏರುವಷ್ಟು ಕಡಿದಾದರೆ ಎರಡು ಬಾಣ. ಸವಾರನು ಮನೆಯಲ್ಲಿ ಕುಳಿತೇ ತನ್ನ ಮುಂದಿರುವ ಶ್ರಮವನ್ನು ಊಹಿಸಬಹುದು.

ನಮ್ಮ ದೇಶದ ಸರ್ವೇಕ್ಷಣ ಇಲಾಖೆಯ ನಕ್ಷೆಗಳಿಂದಲೂ ಇದು ಸಾಧ್ಯ. 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರು ಎಂದರೆ ನೆಲದ ಮೇಲೆ 1 ಕಿಲೋಮೀಟರು. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳ ನಡುವಣ ಅಂತರ ಸಾಮಾನ್ಯವಾಗಿ 20 ಮೀಟರು. ರಸ್ತೆಯು ಒಂದು ಕಿಲೋಮೀಟರಿನಲ್ಲಿ ಒಂದೇ ಸಮನೆ ಏರುತ್ತ ಇಂಥ ನಾಲ್ಕು ಅಂತರಗಳನ್ನು ದಾಟಿದರೆ ಏರಿಕೆ 80 ಮೀಟರು. ಅಂದರೆ ಶೇಕಡ 8ರ ಏರು. ರೇಖೆಗಳು ಒತ್ತೊತ್ತಾಗಿದ್ದು ರಸ್ತೆ ಅವುಗಳನ್ನು ಅಡ್ಡ ಹಾಯ್ದರೆ ಶ್ರಮ ಹೆಚ್ಚು. ರೇಖೆಗಳ ಜೊತೆಜೊತೆಗೇ ಸಾಗಿದರೆ ಕಡಿಮೆ.

ಏರುವ ಲೆಕ್ಕ

ತಲಕಾವೇರಿಯ ಎತ್ತರ ಸಮುದ್ರಮಟ್ಟದಿಂದ 1,276 ಮೀಟರು. ಲೆಕ್ಕದ ಅನುಕೂಲಕ್ಕಾಗಿ ಭಾಗಮಂಡಲದಿಂದ ಅಲ್ಲಿಗೆ 350 ಮೀಟರು ಏರಿಕೆಯೆಂದು ಹಿಡಿಯೋಣ. 8 ಕಿಲೋಮೀಟರಿಗೆ ಇದು ಸರಾಸರಿ ಶೇಕಡ 4.4ರ ಏರು. ಸವಾರ ಮತ್ತು ಸೈಕಲ್ಲಿನ ಒಟ್ಟು ರಾಶಿ 80 ಕಿಲೋಗ್ರಾಮ್ ಇರಲಿ. ಇಳಿಜಾರು ಹಿಂದಕ್ಕೆ ಸೆಳೆಯುವ ಬಲ ಸುಮಾರು 34 ನ್ಯೂಟನ್. ಟೈರಿನ ಉರುಳು ಘರ್ಷಣೆ 5 ನ್ಯೂಟನ್. ಗಂಟೆಗೆ 10 ಕಿಲೋಮೀಟರಿನ ನಿಧಾನಗತಿಯಲ್ಲಿ ಗಾಳಿಯ ತಡೆ ಕೇವಲ 2 ನ್ಯೂಟನ್. ಸಮತಟ್ಟಾದ ದಾರಿಯಲ್ಲಿ ಗಂಟೆಗೆ 20 ಕಿಲೋಮೀಟರಿನಂತೆ ಓಡುವಾಗ ಎಲ್ಲ ತಡೆಗಳೂ ಸೇರಿ 14 ನ್ಯೂಟನ್ ಆದರೆ ಹೆಚ್ಚು. ಅರ್ಧ ವೇಗದಲ್ಲಿ ಹೋದರೂ ಏರಿನ ದಾರಿ ಮೂರು ಪಾಲು ಬಲವನ್ನು ಬೇಡುತ್ತದೆ!

ಗೇರಿನ ಉಪಕಾರವನ್ನು ಇಲ್ಲಿ ತಿಳಿಯಬಹುದು. ಒಂದೇ ಗೇರಿನ ಹಳೆಯ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇವೆಯೆನ್ನಿ. ಪೆಡಲು ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 5.9 ಮೀಟರು ಮುಂದೆ ಸಾಗುತ್ತದೆ. ಪಾದ ಚಲಿಸುವುದು 1.07 ಮೀಟರು ಮಾತ್ರ. ಆದುದರಿಂದ 41 ನ್ಯೂಟನ್ ತಡೆಯನ್ನು ಮೀರಲು ಪಾದ ಅದರ ಐದೂವರೆ ಪಾಲು, ಎಂದರೆ ಸರಾಸರಿ 23 ಕಿಲೋಗ್ರಾಮ್ ತೂಕಕ್ಕೆ ಸಮನಾದ ಬಲವನ್ನು ಹಾಕಬೇಕು. ಎರಡು ಕಡೆಯೂ 32 ಹಲ್ಲುಗಳಿರುವ ಗೇರನ್ನು ಹಾಕಿಕೊಂಡರೆ 9 ಕಿಲೋಗ್ರಾಮ್ ಸಾಕು. ಹಾಗಾದರೆ ಗೇರು ಕೆಲಸವನ್ನು ಕಡಿಮೆ ಮಾಡಿತೇ? ಇಲ್ಲ. ಮೊದಲನೆಯ ಸೈಕಲ್ಲಿನಲ್ಲಿ ಸುಮಾರು 1,360 ಸುತ್ತಿಗೆ ಮುಗಿಯುವ ದಾರಿಗೆ ಎರಡನೆಯದರಲ್ಲಿ ಸುಮಾರು 3,640 ಸುತ್ತು ಬೇಕು. ಸಾಲದ ಮೊತ್ತ ಒಂದೇ. ಕಂತುಗಳು ಚಿಕ್ಕವಾದವು, ಅಷ್ಟೆ. ಚಿಕ್ಕ ಕಂತನ್ನು ಸ್ನಾಯುಗಳೂ ಮಂಡಿಯೂ ದೀರ್ಘಕಾಲ ತೆರಬಲ್ಲವು.

ಇಳಿಯುವ ಲೆಕ್ಕ

ಶಿಖರವನ್ನು ಮುಟ್ಟಿದ ಸವಾರನಲ್ಲಿ ಸುಮಾರು 2,74,000 ಜೂಲ್ ಪ್ರಚ್ಛನ್ನ ಶಕ್ತಿ ಸಂಗ್ರಹವಾಗಿರುತ್ತದೆ. ಕೆಳಗೆ ಬಂದು ನಿಲ್ಲುವಷ್ಟರಲ್ಲಿ ಇದಷ್ಟೂ ಖರ್ಚಾಗಲೇಬೇಕು. ಬ್ರೇಕೊಂದೇ ಅದನ್ನೆಲ್ಲ ನುಂಗಿದರೆ ಹುಟ್ಟುವ ಶಾಖ, ಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು! ಚಕ್ರದ ರಿಮ್ಮನ್ನು ಹಿಡಿಯುವ ಬ್ರೇಕನ್ನು ಇಳಿಜಾರಿನುದ್ದಕ್ಕೂ ಒತ್ತಿಕೊಂಡೇ ಬಂದರೆ ರಿಮ್ಮು ಕಾದು ಟ್ಯೂಬು ಸಿಡಿಯುವ ಸಂಭವವುಂಟು. ನೇರ ದಾರಿಯಲ್ಲಿ ಬ್ರೇಕಿಗೆ ಬಿಡುವು ಕೊಟ್ಟು, ತಿರುವಿಗೆ ಮುಂಚೆ ಎರಡೂ ಬ್ರೇಕುಗಳನ್ನು ಒತ್ತಿ ವೇಗ ತಗ್ಗಿಸುವುದು ಮೇಲು. ಬಿಡುವಿನಲ್ಲಿ ರಿಮ್ಮು ತಣಿಯುತ್ತದೆ. ಶಕ್ತಿಯ ಒಂದು ಪಾಲನ್ನು ಗಾಳಿಯೂ ಹೀರಿಕೊಳ್ಳುತ್ತದೆ.

ಗಾಳಿಯೇ ವೇಗವನ್ನು ಕಾಯಲಿ ಎಂದು ಸುಮ್ಮನಿರಲಾದೀತೇ? ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುವುದರಿಂದ ಎಲ್ಲಿಯೋ ಒಂದು ಕಡೆ ಸಮತೋಲ ಉಂಟಾಗುವುದು ನಿಜ. ಆದರೆ ನಮ್ಮ ಲೆಕ್ಕದ ಇಳಿಜಾರಿನಲ್ಲಿ ಅದು ಒದಗುವುದು ಗಂಟೆಗೆ ಸುಮಾರು 36 ಕಿಲೋಮೀಟರಿನಲ್ಲಿ. ಶೇಕಡ 8ರ ಇಳಿಜಾರಿನಲ್ಲಿ 50ರಲ್ಲಿ. ಅಂಕುಡೊಂಕಾದ ದಾರಿಗೆ ಇದು ಅತಿಯಾಯಿತು.

ನಿಲ್ಲುವ ದೂರವನ್ನು ನೋಡಿ. ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಅಡ್ಡಬಂದ ದನವನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕಾದರೆ 10 ಮೀಟರು ಆಗಲೇ ಕಳೆದಿರುತ್ತದೆ. ಬಳಿಕ ವೇಗವು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 4 ಮೀಟರಿನಂತೆ ತಗ್ಗುತ್ತ ಬಂದರೂ ಇನ್ನೂ ಹನ್ನೆರಡೂವರೆ ಮೀಟರು ಸಾಗಬೇಕು. ಒದ್ದೆಯಾದ ಬ್ರೇಕಿನ ಹಿಡಿತ ಅರ್ಧಕ್ಕಿಳಿದರೆ ಒಟ್ಟು 35 ಮೀಟರು! ವೇಗವನ್ನು ಅರ್ಧ ಮಾಡಿಕೊಂಡವನಾದರೋ ಒದ್ದೆಯಲ್ಲಿಯೂ ಸುಮಾರು 11 ಮೀಟರಿನಲ್ಲಿ ನಿಲ್ಲಬಲ್ಲನು.

ತಿರುವು ಮತ್ತು ಮಳೆ

ತಿರುವಿನಲ್ಲಿ ಗಾಡಿಯನ್ನು ಒಳಕ್ಕೆ ಸೆಳೆಯುವ ಕೇಂದ್ರಾಭಿಮುಖ ಬಲವನ್ನು ಒದಗಿಸುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. 20 ಮೀಟರು ತ್ರಿಜ್ಯದ ತಿರುವಿನಲ್ಲಿ ಘರ್ಷಣಾಂಕ 0.6 ಇದ್ದರೆ ಗಂಟೆಗೆ 39 ಕಿಲೋಮೀಟರಿನವರೆಗೆ ಗಾಡಿ ಜಾರದು. ಘರ್ಷಣಾಂಕ 0.3ಕ್ಕೆ ಇಳಿದರೆ ಮಿತಿ 28. ತರಗೆಲೆಯೋ ಪಾಚಿಯೋ ಮುಸುಕಿ ಅದು 0.15 ಆದರೆ ಮಿತಿ 20ಕ್ಕೂ ಕಡಿಮೆ. ಮರಗಳ ದಟ್ಟ ನೆರಳಿನಲ್ಲಿ ರಸ್ತೆ ಬೇಗ ಒಣಗದೆಂಬುದನ್ನು ಕೊಡಗಿನ ವಾಚಕರಿಗೆ ಹೇಳಬೇಕಾಗಿಲ್ಲ. ತಿರುವಿನ ನಡುವೆ ಬ್ರೇಕು ಒತ್ತಿದರೆ ಅದೇ ಘರ್ಷಣೆ ಎರಡು ಕೆಲಸಗಳಿಗೆ ಹಂಚಿಹೋಗುತ್ತದೆ. ವೇಗ ತಗ್ಗಿಸುವ ಕೆಲಸವನ್ನು ತಿರುವಿಗೆ ಮೊದಲೇ ಮುಗಿಸಬೇಕೆಂಬ ನಿಯಮದ ತಿರುಳು ಇದೇ.

ಮುಂಗಾರಿನ ಜೋರುಮಳೆಯ ವಾರಗಳಲ್ಲಿ ಯಾವ ಲೆಕ್ಕವೂ ನೆರವಿಗೆ ಬಾರದು. ಕಾವೇರಿ ಉಕ್ಕಿದಾಗ ಕಣಿವೆಯ ತಗ್ಗುದಾರಿಗಳ ಮೇಲೆ ನೀರು ಹರಿಯುತ್ತದೆ. ನೀರಿನಡಿಯ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಾಣದು. 2018ರ ಆಗಸ್ಟಿನಲ್ಲಿ ಕೊಡಗಿನ ಅನೇಕ ಕಡೆ ಗುಡ್ಡಗಳು ಕುಸಿದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿ ಪ್ರಾಣಹಾನಿಯಾಯಿತು. ಆ ದಿನಗಳಲ್ಲಿ ಸೈಕಲ್ ಮನೆಯಲ್ಲಿಯೇ ಇರಲಿ. ಮಳೆ ಕಳೆದು ಗದ್ದೆಯಲ್ಲಿ ಭತ್ತ ಹಣ್ಣಾಗುವ ಕಾಲ ಸಂಚಾರಕ್ಕೆ ಪ್ರಶಸ್ತ.

ವಿದ್ಯಾರ್ಥಿಗಳು ಹೊರಡುವ ಮುನ್ನ ದಾರಿಯ ಒಂದೊಂದು ಕಿಲೋಮೀಟರಿನ ಏರಿಳಿತವನ್ನೂ ನಕ್ಷೆಯಿಂದ ಬರೆದುಕೊಳ್ಳಲಿ. ಎಲ್ಲಿ ಗೇರು ಬದಲಿಸಬೇಕು, ಎಲ್ಲಿ ಬ್ರೇಕನ್ನು ಪರೀಕ್ಷಿಸಬೇಕು, ಎಲ್ಲಿ ಇಳಿದು ನಡೆಯುವುದು ಲೇಸು ಎಂಬುದನ್ನು ಆ ಒಂದು ಹಾಳೆಯೇ ತಿಳಿಸುವುದು. ಹೊರಡುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ದೂರ’ ಎಂಬುದಲ್ಲ. ‘ಎಷ್ಟು ಏರು, ಎಷ್ಟು ಇಳಿತ, ದಾರಿ ಒಣಗಿದೆಯೇ’ ಎಂಬುದು.