ಸೈಲೆನ್ಸರಿಗೆ ಮುಂಚೆ ಒಂದು ಡಬ್ಬಿ

"ಅದನ್ನ ತೆಗೆಸಿ ಖಾಲಿ ಪೈಪ್ ಹಾಕಿಸಿಬಿಡ್ರಿ ಅಣ್ಣಾ, ಪಿಕಪ್ ವಾಪಸ್ ಬರ್ತೈತಿ." ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರನ್ನು ಗ್ಯಾರೇಜಿಗೆ ಒಯ್ದವರಿಗೆ ಈ ಮಾತು ಹೊಸದಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಕೇಳಿದರೂ ಅಷ್ಟೇ, ಸಿರುಗುಪ್ಪ, ಕುರುಗೋಡಿನಲ್ಲಿ ಕೇಳಿದರೂ ಅಷ್ಟೇ. ಮಾಲೀಕರ ಮರುಪ್ರಶ್ನೆಯೂ ಗೊತ್ತಿರುವಂಥದ್ದೇ: "ತೆಗೆಸಿದ್ರೆ ಎಮಿಷನ್ ಟೆಸ್ಟ್ ಪಾಸಾಗ್ತದಾ?" ಮೆಕ್ಯಾನಿಕ್ ಹೇಳಿದ್ದರಲ್ಲಿ ಒಂದು ನಿಜವಿದೆ, ಅದನ್ನು ಮುಂದೆ ನೋಡೋಣ. ಮೊದಲು ಆ ಡಬ್ಬಿಯೊಳಗೆ ಏನಿದೆ, ಅದು ಏನು ಮಾಡುತ್ತದೆ ಎಂಬುದು ತಿಳಿಯಬೇಕು.

ಎಂಜಿನ್ನಿನಿಂದ ಹೊರಟ ಹೊಗೆಯ ಕೊಳವೆ ಸೈಲೆನ್ಸರ್ ಮುಟ್ಟುವ ಮುಂಚೆ ಒಂದು ಉಕ್ಕಿನ ಡಬ್ಬಿಯನ್ನು ಹಾಯುತ್ತದೆ. ಅದೇ ಕ್ಯಾಟಲಿಟಿಕ್ ಕನ್ವರ್ಟರ್. ಈಚಿನ ಕಾರುಗಳಲ್ಲಿ ಅದು ಎಂಜಿನ್ನಿಗೆ ಅಂಟಿದಂತೆಯೇ ಇರುತ್ತದೆ, ಹಳೆಯ ಕೆಲವಲ್ಲಿ ಸೀಟಿನಡಿಗೆ. ಕೊಯ್ದು ನೋಡಿದರೆ ಒಳಗೆ ಪಿಂಗಾಣಿಯ ದಿಂಡು. ಅದರ ಮುಖ ಶಾವಿಗೆ ಒತ್ತುವ ಬಿಲ್ಲೆಯ ಹಾಗೆ ತೂತುಮಯ, ಒಂದು ಚದರ ಇಂಚಿನಲ್ಲಿ ಸುಮಾರು 400 ತೂತು. ಪ್ರತಿ ತೂತೂ ಈ ತುದಿಯಿಂದ ಆ ತುದಿಗೆ ಸುರಂಗದಂತೆ ಸಾಗುತ್ತದೆ. ಈ ಪಿಂಗಾಣಿಯ ಹೆಸರು ಕಾರ್ಡಿಯರೈಟ್. ಎಷ್ಟೇ ಕಾಯಿಸಿದರೂ ಅಷ್ಟಾಗಿ ಹಿಗ್ಗದ ಗುಣ ಅದರದು. ಸುರಂಗಗಳ ಗೋಡೆಗೆ ಅಲ್ಯೂಮಿನಾದ ತೆಳು ಲೇಪ. ಕಣ್ಣಿಗೆ ನುಣುಪಾಗಿ ಕಂಡರೂ ಒಳಗೆಲ್ಲ ಸೂಕ್ಷ್ಮ ರಂಧ್ರಗಳು, ಒಂದೇ ಗ್ರಾಂ ಅಲ್ಯೂಮಿನಾದ ಮೈಯನ್ನು ಹರವಿದರೆ ನೂರು ಚದರ ಮೀಟರ್ ದಾಟುತ್ತದೆ. ಆ ಮೈಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ಕಣಗಳು ಕೂತಿರುತ್ತವೆ. ಇಡೀ ಡಬ್ಬಿಯಲ್ಲಿ ಅವೆಲ್ಲ ಸೇರಿ ಕೆಲವೇ ಗ್ರಾಂ. ಗುಜರಾತ್, ಮಹಾರಾಷ್ಟ್ರಗಳಲ್ಲಿ ಮಾರುತಿ ಈಕೋ ವ್ಯಾನುಗಳ ಸೈಲೆನ್ಸರನ್ನು ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗುವ ಕಳ್ಳರ ಕಣ್ಣು ಈ ಕೆಲವು ಗ್ರಾಮಿನ ಮೇಲೆ.

ಬಹಳ ಜನ ಇದನ್ನು ಜರಡಿ ಎಂದುಕೊಂಡಿದ್ದಾರೆ. ಕಟ್ಟಿಕೊಂಡರೆ ತೊಳೆದರಾಯಿತು ಅನ್ನುವ ಸಲಹೆ ಹುಟ್ಟುವುದು ಈ ತಪ್ಪು ತಿಳಿವಳಿಕೆಯಿಂದಲೇ. ಆರೋಗ್ಯವಾಗಿರುವ ಕನ್ವರ್ಟರ್ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಹೊಗೆ ಹಾಯುವಾಗಲೇ ಅದನ್ನು ಬೇರೆ ಅನಿಲವಾಗಿ ಮಾರ್ಪಡಿಸಿ ಕಳಿಸುತ್ತದೆ. ಪೆಟ್ರೋಲ್ ಪೂರ್ತಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಮಾತ್ರ ಬರಬೇಕು. ಆದರೆ ಸಿಲಿಂಡರಿನೊಳಗೆ ಉರಿಯಲು ಸಿಗುವುದು ಸೆಕೆಂಡಿನ ಸಾವಿರದ ಕೆಲವು ಭಾಗ. ಅಷ್ಟರಲ್ಲಿ ಅರೆಬರೆ ಉರಿದದ್ದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಉರಿಯದೆ ಉಳಿದದ್ದು ಹೈಡ್ರೋಕಾರ್ಬನ್ ಆಗಿ ಹೊರಬರುತ್ತದೆ. ಇನ್ನು ಆ ಶಾಖಕ್ಕೆ ಗಾಳಿಯಲ್ಲಿನ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತದೆ. ಪ್ಲಾಟಿನಂ, ಪಲ್ಲೇಡಿಯಂಗಳು ಮೊದಲಿನ ಎರಡಕ್ಕೆ ಆಮ್ಲಜನಕ ಕೂಡಿಸಿ ಅರ್ಧಕ್ಕೆ ನಿಂತ ಉರಿಯನ್ನು ಮುಗಿಸುತ್ತವೆ. ರೋಡಿಯಂ ಮೂರನೆಯದರಿಂದ ಆಮ್ಲಜನಕವನ್ನು ಕಿತ್ತು ಸಾರಜನಕವನ್ನು ಗಾಳಿಗೆ ಮರಳಿಸುತ್ತದೆ. ಲೋಹ ಮಾತ್ರ ಖರ್ಚಾಗದು. ಚೆನ್ನಾಗಿ ಕಾದ ಕನ್ವರ್ಟರ್ ಈ ಮೂರೂ ವಿಷಗಳ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ಅಳಿಸಬಲ್ಲದು.

ಕಾಯುವುದೆಂದರೆ ಎಷ್ಟು? ಕೆಲಸ ಶುರುವಾಗಲಿಕ್ಕೇ 250ರಿಂದ 300 ಡಿಗ್ರಿ ಸೆಲ್ಸಿಯಸ್ ಬೇಕು. ಬಳ್ಳಾರಿಯ ಮೇ ತಿಂಗಳ ಬಿಸಿಲು ಇದರ ಮುಂದೆ ಲೆಕ್ಕಕ್ಕಿಲ್ಲ. ಹೆದ್ದಾರಿಯಲ್ಲಿ ಓಡುವಾಗ ಒಳಗಿನ ಶಾಖ ಇನ್ನೂ ನೂರಾರು ಡಿಗ್ರಿ ಏರುತ್ತದೆ. ನಮ್ಮ ಭಾಗದವರು ಇದನ್ನು ನೆನಪಿಡಲೇಬೇಕು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಬೆಳೆ ಹರವಿ, ಓಡಾಡುವ ಗಾಡಿಗಳಿಂದ ಒಕ್ಕಣೆ ಮಾಡಿಸುವ ರೂಢಿ ಇನ್ನೂ ಹೋಗಿಲ್ಲ. ಹುರುಳಿಯ ಬಳ್ಳಿಯಂಥ ಒಣಗಿದ ಸೊಪ್ಪೆ ಕಾರಿನಡಿ ಸುತ್ತಿಕೊಂಡು ಬಿಸಿ ಕೊಳವೆಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಇಂಥ ರಸ್ತೆಗಳಲ್ಲಿ ಕಾರು ಸುಟ್ಟುಹೋದ ಘಟನೆಗಳು ಕರ್ನಾಟಕದಲ್ಲೇ ನಡೆದಿವೆ. ಬೆಳೆ ಹರವಿದ ಜಾಗ ಕಂಡರೆ ಸುತ್ತಿಕೊಂಡಾದರೂ ಬೇರೆ ದಾರಿ ಹಿಡಿಯಬೇಕು, ದಾಟಿಬಿಟ್ಟಿದ್ದರೆ ಗಾಡಿ ನಿಲ್ಲಿಸಿ ಬಗ್ಗಿ ನೋಡಬೇಕು.

ಕನ್ವರ್ಟರಿನ ಮೂರೂ ಕೆಲಸ ಒಟ್ಟಿಗೆ ನಡೆಯಬೇಕೆಂದರೆ ಹೊಗೆಯಲ್ಲಿ ಆಮ್ಲಜನಕ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ, ಇದು ಆ ಹದ. ಅದನ್ನು ಕಾಯುವುದು ಕೊಳವೆಗೆ ಚುಚ್ಚಿದ ಆಮ್ಲಜನಕ ಸಂವೇದಕ. ಪೆಟ್ರೋಲ್ ಹೆಚ್ಚಾದರೆ ಅದು 0.9 ವೋಲ್ಟ್ ಹತ್ತಿರ ತೋರಿಸುತ್ತದೆ, ಗಾಳಿ ಹೆಚ್ಚಾದರೆ 0.1ಕ್ಕೆ ಇಳಿಯುತ್ತದೆ. ಎಂಜಿನ್ನಿನ ಕಂಪ್ಯೂಟರ್ ಅದನ್ನು ನೋಡಿ ಪೆಟ್ರೋಲನ್ನು ಹೆಚ್ಚಿಸುತ್ತ, ತಗ್ಗಿಸುತ್ತ ಹೋಗುವುದರಿಂದ ಈ ಏರಿಳಿತ ನಿಲ್ಲುವುದೇ ಇಲ್ಲ. ಲೇಪದಲ್ಲಿರುವ ಸೀರಿಯಂ ಆಕ್ಸೈಡ್ ಹೆಚ್ಚಾದಾಗ ಆಮ್ಲಜನಕವನ್ನು ಕೂಡಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಹಾಗಾಗಿ ಡಬ್ಬಿಯ ಆಚೆಗಿರುವ ಎರಡನೆಯ ಸಂವೇದಕಕ್ಕೆ ಏರಿಳಿತ ತಲುಪದು, ಅದರ ಗೆರೆ ಹೆಚ್ಚುಕಡಿಮೆ ನೇರ. ಡಬ್ಬಿ ಖಾಲಿ ಮಾಡಿದ ಕಾರಿಗೆ ಸ್ಕ್ಯಾನರ್ ಹಾಕಿ ನೋಡಿ: ಎರಡೂ ಗೆರೆಗಳು ಜೊತೆಜೊತೆಗೇ ಕುಣಿಯುತ್ತವೆ. ಕಂಪ್ಯೂಟರ್ ಅದನ್ನು ಗುರುತಿಸಿ ಚೆಕ್ ಎಂಜಿನ್ ದೀಪ ಹೊತ್ತಿಸುತ್ತದೆ, ಪಿ0420 ಎಂಬ ಸಂಕೇತ ಬರೆದಿಡುತ್ತದೆ.

ಫ್ರಾನ್ಸ್ ಮೂಲದ ಯುಜೀನ್ ಹೌಡ್ರಿ ಅಮೆರಿಕದಲ್ಲಿ ಇಂಥ ಡಬ್ಬಿಯನ್ನು ಮಾಡಿದ್ದು 1950ರ ದಶಕದಲ್ಲೇ. ಆಗ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ಸೀಸ ಲೋಹದ ಕಣಗಳ ಮೇಲೆ ಕೂತು ಅವನ್ನು ನಿಷ್ಕ್ರಿಯ ಮಾಡುತ್ತಿತ್ತು. ಸೀಸ ಹೋಗದೆ ಕನ್ವರ್ಟರ್ ಬರುವಂತಿರಲಿಲ್ಲ. ಅಮೆರಿಕದ ಕಾರುಗಳಿಗೆ ಅದು ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಿಂದ. ನಮ್ಮಲ್ಲಿ 1995ರ ಏಪ್ರಿಲ್ 1ರಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಯಿತು, ಸೀಸರಹಿತ ಪೆಟ್ರೋಲೂ ಅಲ್ಲಿಗೇ ಮೊದಲು ಬಂತು. ಮದ್ರಾಸಿನಲ್ಲಿ ಕೊಂಡ ಕಾರು ಸೀಸದ ಪೆಟ್ರೋಲ್ ಮಾತ್ರ ಸಿಗುವ ಊರಿಗೆ ಬಂದು ಕೆಲವು ಸಲ ಟ್ಯಾಂಕ್ ತುಂಬಿಸಿದರೆ ಸಾಕಿತ್ತು, ಕನ್ವರ್ಟರ್ ಕತೆ ಮುಗಿಯುತ್ತಿತ್ತು. 2000ದ ಫೆಬ್ರವರಿ 1ರಿಂದ ದೇಶದುದ್ದಕ್ಕೂ ಸೀಸ ನಿಂತಿತು.

ಕನ್ವರ್ಟರಿನ ವಿಜ್ಞಾನದಲ್ಲಿ ಕರ್ನಾಟಕದ ಪಾಲು ದೊಡ್ಡದು, ಅದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ಮತ್ತು ಜೆ.ಜೆ. ಕಿಂಗ್‌ಸ್ಲಿ 1988ರಲ್ಲಿ ಒಂದು ಸರಳ ದಾರಿ ತೋರಿಸಿದರು. ಅಲ್ಯೂಮಿನಿಯಂ ನೈಟ್ರೇಟಿನ ದ್ರಾವಣಕ್ಕೆ ಯೂರಿಯಾ ಬೆರೆಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ ಅದು ಕುದಿದು, ನೊರೆಯೆದ್ದು, ತಾನಾಗಿ ಹೊತ್ತಿಕೊಂಡು ಐದೇ ನಿಮಿಷದೊಳಗೆ ಹತ್ತಿಯಷ್ಟು ಹಗುರವಾದ ಅಲ್ಯೂಮಿನಾ ಉಳಿಯುತ್ತದೆ. ಸಿರುಗುಪ್ಪದ ಭತ್ತದ ಗದ್ದೆಗೆ ಹಾಕುವ ಅದೇ ಯೂರಿಯಾ ಇಲ್ಲಿ ಇಂಧನ. ಈ ದಹನ ವಿಧಾನವನ್ನೇ ಹಿಡಿದು ಅದೇ ಸಂಸ್ಥೆಯ ಎಂ.ಎಸ್. ಹೆಗಡೆ ಮತ್ತು ಸಂಗಡಿಗರು ಬೇರೊಂದು ಬಗೆಯ ಉತ್ಪ್ರೇರಕ ಮಾಡಿದರು. ಲೋಹವನ್ನು ಕಣವಾಗಿ ಮೇಲೆ ಕೂರಿಸುವ ಬದಲು, ಸೀರಿಯಂ ಆಕ್ಸೈಡಿನ ಹರಳಿನೊಳಗೇ ನೂರು ಸೀರಿಯಂ ಸ್ಥಾನಗಳಲ್ಲಿ ಎರಡನ್ನು ಪಲ್ಲೇಡಿಯಂ ಅಯಾನುಗಳಿಗೆ ಕೊಟ್ಟರು. ಪಲ್ಲೇಡಿಯಂ ಅಯಾನಿನ ವಿದ್ಯುದಂಶ ಕಡಿಮೆಯಾದ್ದರಿಂದ ಹರಳಿನಲ್ಲಿ ಅಲ್ಲಲ್ಲಿ ಆಮ್ಲಜನಕದ ಜಾಗ ಖಾಲಿ ಬೀಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಹರಳಿನ ಆಮ್ಲಜನಕವನ್ನೇ ಎತ್ತಿಕೊಂಡು ಹೋಗುತ್ತದೆ, ಖಾಲಿ ಜಾಗವನ್ನು ಹೊಗೆಯಲ್ಲಿನ ಆಮ್ಲಜನಕ ತುಂಬುತ್ತದೆ. ಕಣಗಳು ಬಿಸಿಗೆ ಒಂದಕ್ಕೊಂದು ಅಂಟಿ ದಪ್ಪಗಾಗಿ ಸೋಲುವ ತೊಂದರೆ ಇಲ್ಲಿ ಕಡಿಮೆ. ಬಳ್ಳಾರಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಚಳ್ಳಕೆರೆಯ ಬಳಿ ಸಂಸ್ಥೆಯ ಇನ್ನೊಂದು ಆವರಣವಿದೆ. ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಅಲ್ಲಿ ಪ್ರಯೋಗಗಳ ತರಬೇತಿ ಕೊಡುವ ಕೇಂದ್ರವನ್ನು ಮುನ್ನಡೆಸಿದವರೂ ಇದೇ ಹೆಗಡೆಯವರು.

ಈಗ ಮೆಕ್ಯಾನಿಕ್ ಮಾತಿಗೆ ಬರೋಣ. ಡಬ್ಬಿ ತೆಗೆದರೆ ಪಿಕಪ್ ಬರುವುದು ಹೌದು, ಅದು ಕಟ್ಟಿಹೋಗಿದ್ದರೆ. ಆದರೆ ಕಟ್ಟಿದ್ದೇಕೆ? ಸವೆದ ಪ್ಲಗ್, ಕೆಟ್ಟ ಕಾಯಿಲ್ ಇದ್ದು ಒಂದು ಸಿಲಿಂಡರ್ ಹೊತ್ತಿಕೊಳ್ಳದಿದ್ದರೆ ಹಸಿ ಪೆಟ್ರೋಲ್ ಕನ್ವರ್ಟರಿಗೇ ಬಂದು ಅಲ್ಲಿ ಉರಿಯುತ್ತದೆ. ಶಾಖ ಎಷ್ಟಾಗುತ್ತದೆಂದರೆ ಪಿಂಗಾಣಿಯೇ ಕರಗಿ ತೂತುಗಳು ಮುಚ್ಚಿಹೋಗುತ್ತವೆ. ರಿಂಗ್ ಸವೆದು ಆಯಿಲ್ ಸುಡುವ ಎಂಜಿನ್ನಾದರೆ ಆಯಿಲ್‌ನಲ್ಲಿನ ರಂಜಕ ಲೇಪದ ಮೇಲೆ ಪದರಗಟ್ಟುತ್ತದೆ. ಮಳೆ ಬಂದು ರೈಲ್ವೆ ಕೆಳಸೇತುವೆಯಲ್ಲಿ ನಿಂತ ನೀರಿಗೆ ಕಾದ ಕಾರನ್ನು ನುಗ್ಗಿಸಿದರೂ ಪಿಂಗಾಣಿ ಬಿರುಕು ಬಿಡಬಹುದು, ಆಮೇಲೆ ಗಾಡಿ ಅಲುಗಿದಾಗಲೆಲ್ಲ ಡಬ್ಬಿಯೊಳಗೆ ಗಲಗಲ ಸದ್ದು. ಇವುಗಳಲ್ಲಿ ಹೆಚ್ಚಿನವು ಎಂಜಿನ್ನಿನ ರೋಗಗಳು. ಡಬ್ಬಿ ತೆಗೆದ ಮೇಲೂ ರೋಗ ಹಾಗೇ ಉಳಿದು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಚೆನ್ನಾಗಿರುವ ಕನ್ವರ್ಟರನ್ನು ತೆಗೆದವರಿಗೆ ಪಿಕಪ್‌ನಲ್ಲಿ ಸಿಗುವ ಲಾಭ ತೀರ ಅಲ್ಪ, ಸದ್ದು ಮಾತ್ರ ಜೋರಾಗುತ್ತದೆ.

ಎಮಿಷನ್ ಟೆಸ್ಟಿನ ವಿಷಯ. ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ಕೂತವರು ಸೈಲೆನ್ಸರ್ ಬಾಯಿಗೆ ಒಂದು ನಳಿಕೆ ತುರುಕುತ್ತಾರೆ. ಹೊಗೆ ಯಂತ್ರದೊಳಗಿನ ಸಣ್ಣ ಕೋಣೆಗೆ ಬರುತ್ತದೆ, ಅದರ ಮೂಲಕ ಅವಗೆಂಪು ಬೆಳಕು ಹಾಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಒಂದು ತರಂಗಾಂತರವನ್ನು ನುಂಗುತ್ತದೆ, ಹೈಡ್ರೋಕಾರ್ಬನ್ ಇನ್ನೊಂದನ್ನು. ಎಷ್ಟು ಬೆಳಕು ಕಾಣೆಯಾಯಿತೋ ಅದರಿಂದ ಪ್ರಮಾಣ ಲೆಕ್ಕವಾಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಂತೆ ಬಿಎಸ್-4 (ಭಾರತ್ ಸ್ಟೇಜ್ 4) ಪೆಟ್ರೋಲ್ ಕಾರು ನಿಂತಲ್ಲೇ ಓಡುವಾಗ ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 200 ಭಾಗ ಮೀರಬಾರದು. ಬಿಎಸ್-2, ಬಿಎಸ್-3 ಕಾರುಗಳಿಗೆ ಇದು ಶೇ. 0.5 ಮತ್ತು 750. ಕನ್ವರ್ಟರ್ ಇಲ್ಲದ ಎಂಜಿನ್, ಅದು ಆರೋಗ್ಯವಾಗಿದ್ದರೂ, 0.3ರೊಳಗೆ ಇರುವುದು ಕಷ್ಟ. ಸರಿಯಾಗಿ ಅಳೆದರೆ ಖಾಲಿ ಡಬ್ಬಿಯ ಬಿಎಸ್-4 ಕಾರು ಸಿಕ್ಕಿಬೀಳುವ ಸಂಭವವೇ ಹೆಚ್ಚು. "ಪಾಸಾಗ್ತದೆ ಬಿಡ್ರಿ" ಅನ್ನುವುದರ ಹಿಂದೆ ಸಾಮಾನ್ಯವಾಗಿ ಅಳತೆಯೇ ಸರಿಯಿಲ್ಲದ ವ್ಯವಸ್ಥೆ ಇರುತ್ತದೆ. ದೆಹಲಿಯಲ್ಲಿ ಮಿತಿ ಮೀರಿದ ಅಂಕಿ ದಾಖಲಾದ ಗಾಡಿಗಳಿಗೂ ಪ್ರಮಾಣಪತ್ರ ಕೊಟ್ಟದ್ದನ್ನು ಸಿಎಜಿ ವರದಿಯೇ ಎತ್ತಿ ತೋರಿಸಿದೆ.

ನನಗೆ ಹೆಚ್ಚು ಚಿಂತೆಯ ಸಂಗತಿ ಬೇರೆಯಿದೆ. ಈ ಪರೀಕ್ಷೆ ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ. ಅಳೆದರೂ ಸಿಗುವುದು ಅಲ್ಪವೇ, ಏಕೆಂದರೆ ಎಂಜಿನ್ ದುಡಿಯದೆ ನಿಂತಾಗ ಅವು ಹುಟ್ಟುವುದೇ ಕಡಿಮೆ. ಅವು ಹುಟ್ಟುವುದು ಎ.ಸಿ. ಹಾಕಿಕೊಂಡು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊಸಪೇಟೆ ರಸ್ತೆಯಲ್ಲಿ ಲಾರಿಗಳನ್ನು ಹಿಂದೆ ಹಾಕುವಾಗ. ಹೀಗೆ ಬಂದ ಅನಿಲ ಹೈಡ್ರೋಕಾರ್ಬನ್ನಿನ ಜೊತೆ ಬಿಸಿಲಿನಲ್ಲಿ ಬೆರೆತು ನೆಲಮಟ್ಟದ ಓಜೋನ್ ಆಗುತ್ತದೆ, ಎದೆ ಹಿಡಿಸುವ ಅನಿಲ ಅದು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಅದಿರಿನ ಧೂಳು ಕಣ್ಣಿಗೆ ಕಾಣುವುದರಿಂದ ಬಳ್ಳಾರಿಯವರು ಅದರ ಬಗ್ಗೆ ದನಿ ಎತ್ತಿದ್ದೇವೆ. ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಪೇಟೆಯ ಸಿಗ್ನಲ್ಲಿನಲ್ಲಿ ಸೈಲೆನ್ಸರ್ ಬಾಯಿಯ ಹತ್ತಿರವೇ ಉಸಿರಾಡುವವರು ಸ್ಕೂಟರಿನ ಮುಂದೆ ನಿಂತ ಮಕ್ಕಳು, ಗಾಡಿ ತಳ್ಳುವ ಹಣ್ಣಿನವರು.

ಕಾನೂನು ಸ್ಪಷ್ಟವಾಗಿದೆ. ತಯಾರಕರು ಕೊಟ್ಟ ರೂಪವನ್ನು ಅನುಮತಿಯಿಲ್ಲದೆ ಬದಲಿಸಿದ ಮಾಲೀಕರಿಗೆ, 2019ರ ತಿದ್ದುಪಡಿಯ ನಂತರ, ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ 10,000 ರೂಪಾಯಿವರೆಗೆ ದಂಡವಿದೆ. ಕೆಎ-34ರ, ಅಂದರೆ ಬಳ್ಳಾರಿ ನೋಂದಣಿಯ, ಖಾಸಗಿ ಕಾರು 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಆರ್‌ಟಿಒ ಅಂಗಳಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಗಾಡಿಯನ್ನೇ ನೋಡುತ್ತಾರೆ, ಆ ಮೇಲೆ ಐದೈದು ವರ್ಷಕ್ಕೊಮ್ಮೆ ಹೀಗೇ.

ಹಾಗಾದರೆ ಪಿಕಪ್ ಹೋದ ಕಾರಿಗೆ ಏನು ಮಾಡಬೇಕು? ಮೊದಲು ಸ್ಕ್ಯಾನರ್ ಹಾಕಿಸಿ. ಪಿ0420 ಕಂಡ ಕೂಡಲೇ ಡಬ್ಬಿಯನ್ನು ದೂರಬೇಡಿ, ಕೊಳವೆಯ ಜಾಯಿಂಟಿನಲ್ಲಿ ಗಾಳಿ ಸೋರಿದರೂ, ಸಂವೇದಕವೇ ಕೆಟ್ಟಿದ್ದರೂ ಇದೇ ಸಂಕೇತ ಬರಬಹುದು. ಕನ್ವರ್ಟರಿಗೆ ಮುಂಚಿನ ಸಂವೇದಕದ ತೂತಿಗೆ ಒತ್ತಡ ಮಾಪಕ ಸಿಕ್ಕಿಸಿ, ಎಂಜಿನ್ ವೇಗ ಏರಿಸಿ ನೋಡಿದರೆ ಕಟ್ಟಿದೆಯೋ ಇಲ್ಲವೋ ನಿಮಿಷದಲ್ಲಿ ತಿಳಿಯುತ್ತದೆ. ಕಟ್ಟಿದ್ದರೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಸರಿಮಾಡಿಸಿ, ಆಯಿಲ್ ಎಷ್ಟು ಇಳಿಯುತ್ತಿದೆ ನೋಡಿ, ಆಮೇಲೆ ಹೊಸ ಕನ್ವರ್ಟರ್ ಹಾಕಿಸಿ. ಈ ಕ್ರಮ ತಪ್ಪಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಬೆಲೆ ಹೆಚ್ಚು ಎಂಬುದು ನಿಜ. ಅದಕ್ಕೇ ಬಿಚ್ಚಿದ ಹಳೆಯ ಡಬ್ಬಿಯನ್ನು ಗ್ಯಾರೇಜಿನಲ್ಲಿ ಸುಮ್ಮನೆ ಬಿಟ್ಟು ಬರಬೇಡಿ. ಪಿಂಗಾಣಿ ಒಡೆದಿದ್ದರೂ ಅದರ ಮೇಲಿನ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಬಹುಪಾಲು ಅಲ್ಲೇ ಇರುತ್ತವೆ. ಅವನ್ನು ಕರಗಿಸಿ ಹೊಸ ಕನ್ವರ್ಟರಿಗೆ ಮತ್ತೆ ಬಳಸುತ್ತಾರೆ, ಆದ್ದರಿಂದ ಹಳೆಯದಕ್ಕೂ ಬೆಲೆಯಿದೆ. ಹೊಸದರ ಬಿಲ್ಲಿನಲ್ಲಿ ಅದನ್ನು ಕಳೆದುಕೊಡಿ ಎಂದು ಬಾಯಿಬಿಟ್ಟು ಕೇಳಿ.