ಸಣ್ಣ ಅಂಗಡಿಯ ಕೆಲಸಗಾರನಿಗೆ ಆರೋಗ್ಯವಿಮೆ

ರೋಗವು ಮನುಷ್ಯನನ್ನು ಹಿಡಿಯುವಾಗ ಅವನು ದುಡಿಯುವ ಅಂಗಡಿಯಲ್ಲಿ ಎಷ್ಟು ಮಂದಿ ನೌಕರರಿದ್ದಾರೆಂದು ವಿಚಾರಿಸುವುದಿಲ್ಲ. ನಮ್ಮ ಕಾನೂನಾದರೋ ಮೊದಲು ಅದನ್ನೇ ವಿಚಾರಿಸುತ್ತದೆ. ಹತ್ತು ಮಂದಿ ಇರುವಲ್ಲಿ ಒಂದು ಧರ್ಮ, ಒಂಬತ್ತು ಮಂದಿ ಇರುವಲ್ಲಿ ಇನ್ನೊಂದು ಧರ್ಮ. ಗಾಂಧಿಬಜಾರಿನ ಜವಳಿ ಅಂಗಡಿ, ಚಾಮರಾಜಪೇಟೆಯ ಅಚ್ಚುಕೂಟ, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯ ತಿಂಡಿಯ ಹೋಟೆಲು, ಇಂಥವುಗಳಲ್ಲಿ ಎಷ್ಟೋ ಐದಾರು ಜನರ ದುಡಿಮೆಯಿಂದಲೇ ನಡೆಯತಕ್ಕವು. ಆ ಐದಾರು ಜನರಲ್ಲಿ ಒಬ್ಬನು ಹಾಸಿಗೆ ಹಿಡಿದರೆ ಅವನ ಗತಿಯೇನು ಎಂಬ ಪ್ರಶ್ನೆಯನ್ನು ಪುರದ ಮಹಾಜನರ ಮುಂದೆಯೂ ಅಧಿಕಾರವರ್ಗದವರ ಮುಂದೆಯೂ ಇಡಬೇಕಾಗಿದೆ.

ನೌಕರರ ರಾಜ್ಯವಿಮೆಯ ಕಾನೂನು 1948ರಲ್ಲಿ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನ್ಪುರ, ದೆಹಲಿ ನಗರಗಳಲ್ಲಿ ಆಚರಣೆಗೆ ಬಂದಿತು. ಜನರು ಇ.ಎಸ್.ಐ. ಎಂದು ಕರೆಯುವುದು ಇದನ್ನೇ. ನಮ್ಮ ರಾಜಾಜಿನಗರದ ದೊಡ್ಡ ಆಸ್ಪತ್ರೆಯು ಇದರ ಫಲ. ತಿಂಗಳಿಗೆ 21,000 ರೂಪಾಯಿಗೆ ಮೀರದ ಸಂಬಳದ ನೌಕರನು ನೂರಕ್ಕೆ ಮುಕ್ಕಾಲು ರೂಪಾಯಿಯನ್ನೂ, ಯಜಮಾನನು ನೂರಕ್ಕೆ ಮೂರೂಕಾಲು ರೂಪಾಯಿಯನ್ನೂ ಸಲ್ಲಿಸುತ್ತಾರೆ. ಇದರಿಂದ ನೌಕರನಿಗೂ ಅವನ ಸಂಸಾರಕ್ಕೂ ಚಿಕಿತ್ಸೆ ದೊರೆಯುವುದಲ್ಲದೆ, ಅವನು ಕಾಯಿಲೆ ಮಲಗಿದ್ದಾಗ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ ಎಪ್ಪತ್ತರಷ್ಟು ಹಣವೂ ಕೈಸೇರುವುದು. ಔಷಧವನ್ನೂ ಅನ್ನವನ್ನೂ ಒಟ್ಟಿಗೆ ಯೋಚಿಸಿದ ಏರ್ಪಾಟಿದು. ಆದರೆ ಕೆಲವು ಅಪಾಯಕರ ಉದ್ಯೋಗಗಳನ್ನು ಬಿಟ್ಟರೆ, ಹತ್ತು ಮಂದಿಗೆ ಕಡಿಮೆಯಾದ ಕಡೆ ಅದು ಕಡ್ಡಾಯವಲ್ಲ.

ಬಡತನದ ರೇಖೆಯ ಕೆಳಗಿನ ಸಂಸಾರಗಳಿಗೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಿದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ, 2018ರಿಂದ ಅದರಿಂದ ಉಪಕಾರವೂ ಆಗಿದೆ. ಆದರೆ ಆ ರೇಖೆಗೆ ಸ್ವಲ್ಪ ಮೇಲಿರುವವನಿಗೆ ಅದು ಚಿಕಿತ್ಸೆಯ ನಿಗದಿಯಾದ ವೆಚ್ಚದ ನೂರಕ್ಕೆ ಮೂವತ್ತರಷ್ಟನ್ನು ಮಾತ್ರ ಕೊಡತಕ್ಕದ್ದು. ನಿಂತುಹೋದ ಕೂಲಿಯನ್ನಂತೂ ಯಾರಿಗೂ ತುಂಬಿಕೊಡದು.

ಆದ್ದರಿಂದ ದಯಾವಂತನಾದ ಯಜಮಾನನು ಖಾಸಗಿ ವಿಮಾ ಕಂಪೆನಿಯ ಬಾಗಿಲಿಗೆ ಹೋಗಿ ತನ್ನ ಕೆಲಸಗಾರರಿಗೆಲ್ಲ ಸೇರಿಸಿ ಗುಂಪುವಿಮೆ ಕೊಳ್ಳಬೇಕಾಗುತ್ತದೆ. ಇಲ್ಲಿ ನಡೆಯುವ ವಿಚಿತ್ರವನ್ನು ವಾಚಕರು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಒಬ್ಬನು ತನಗಾಗಿ ಕೊಳ್ಳುವ ಆರೋಗ್ಯವಿಮೆಯ ಮೇಲೆ ಸರಕು ಮತ್ತು ಸೇವಾ ತೆರಿಗೆಯು ಸಂಪೂರ್ಣವಾಗಿ ರದ್ದಾಯಿತು. ಆದರೆ ಗುಂಪುವಿಮೆಯ ಮೇಲೆ ನೂರಕ್ಕೆ ಹದಿನೆಂಟರ ತೆರಿಗೆಯನ್ನು ಹಾಗೆಯೇ ಉಳಿಸಿದರು. ಯಜಮಾನನು 30,000 ರೂಪಾಯಿ ವಿಮಾಕಂತು ಕಟ್ಟಿದರೆ 5,400 ರೂಪಾಯಿ ತೆರಿಗೆ. ಕಾನೂನಿನ ಕಟ್ಟಳೆಯಿಲ್ಲದೆ ತಾನಾಗಿ ಕೊಂಡ ವಿಮೆಯಾದ್ದರಿಂದ ಆ ಹಣವನ್ನು ಅವನು ತನ್ನ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ವಜಾ ಹಾಕಿಕೊಳ್ಳುವಂತೆಯೂ ಇಲ್ಲ. ತನಗಾಗಿ ವಿಮೆ ಮಾಡಿದವನಿಗೆ ವಿನಾಯಿತಿ, ಪರರಿಗಾಗಿ ಮಾಡಿದವನಿಗೆ ದಂಡ! ಇದು ಯಾವ ನೀತಿಶಾಸ್ತ್ರ?

ಐದಾರು ಜನರ ಅಂಗಡಿಗೆ ಇನ್ನೊಂದು ತೊಡಕೂ ಉಂಟು. ಹಲವರ ತಲೆಯ ಮೇಲೆ ಹರಡಿದಾಗಲೇ ವಿಮೆಯ ಭಾರವು ಹಗುರವಾಗುವುದು. ಐವರಲ್ಲಿ ಒಬ್ಬನಿಗೆ ಹೃದಯದ ಶಸ್ತ್ರಚಿಕಿತ್ಸೆಯಾದರೆ ಮರುವರ್ಷದ ಕಂತು ಏರದೆ ಇರದು. ವಿಮಾ ನಿಯಂತ್ರಣ ಪ್ರಾಧಿಕಾರವು 2016ರ ನಿಯಮಾವಳಿಯಲ್ಲಿ ಗುಂಪಿಗೆ ಏಳು ಮಂದಿಯಾದರೂ ಇರಬೇಕೆಂದೂ, ವಿಮೆಗಾಗಿಯೇ ಕಟ್ಟಿದ ಗುಂಪಿಗೆ ವಿಮೆ ಕೊಡಕೂಡದೆಂದೂ ವಿಧಿಸಿತ್ತು. ಈ ಎರಡನೆಯ ಮಾತನ್ನು ನಾವು ಆಕ್ಷೇಪಿಸುವುದಿಲ್ಲ. ದಲ್ಲಾಳಿಗಳು ಹುಸಿ ಸಂಘಗಳನ್ನು ಕಟ್ಟಿ ಬಡವರ ಕಂತನ್ನು ನುಂಗದಂತೆ ತಡೆಯುವ ಬೇಲಿ ಅದು. ಹಾಗಾದರೆ ವಿಮೆಗೆ ಮೊದಲೇ ಇರುವ, ನಿಜವಾದ ಗುಂಪು ಎಲ್ಲಿದೆ?

ಉತ್ತರವನ್ನು ನಮ್ಮ ನಾಡೇ ಕೊಟ್ಟಿದೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರಸಂಘವನ್ನು ಕಟ್ಟಿದ ನಾಡು, 2003ರಲ್ಲಿ ಆ ಸಹಕಾರಸಂಘಗಳ ಮೂಲಕವೇ ಯಶಸ್ವಿನಿ ಯೋಜನೆಯನ್ನು ನಡೆಸಿತು. ವರ್ಷಕ್ಕೆ 60 ರೂಪಾಯಿ ಕೊಟ್ಟ ರೈತನಿಗೆ ಶಸ್ತ್ರಚಿಕಿತ್ಸೆ ದೊರೆಯಿತು. ಸಂಘವು ವಿಮೆಗಾಗಿ ಹುಟ್ಟಿದ್ದಲ್ಲ. ಹುಟ್ಟಿದ್ದ ಸಂಘಕ್ಕೆ ವಿಮೆ ಬಂದಿತು. 2018ರಲ್ಲಿ ಆ ಯೋಜನೆಯನ್ನು ನಿಲ್ಲಿಸಿದರು. 2022-23ರಲ್ಲಿ ಮರಳಿ ಎತ್ತಿದಾಗ ಪಟ್ಟಣದ ಸಹಕಾರಿ ಸದಸ್ಯರಿಗೂ ನಾಲ್ವರ ಸಂಸಾರಕ್ಕೆ 1,000 ರೂಪಾಯಿಯಂತೆ ಅವಕಾಶವಾಯಿತು. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗಬಲ್ಲದು. ಶಾಸನದ ಬುಡವಿಲ್ಲದ ಗಿಡಕ್ಕೆ ಪ್ರತಿಯೊಂದು ಬಜೆಟ್ಟೂ ಒಂದು ಗಾಳಿ.

ಸಹಕಾರವೆಂಬ ಹೆಸರೊಂದೇ ಸಾಲದೆಂಬುದೂ ನಮಗೆ ತಿಳಿದಿದೆ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಜರ್ವ್ ಬ್ಯಾಂಕು ನಿರ್ಬಂಧ ವಿಧಿಸಿದಾಗ, ಬಾಳೆಲ್ಲ ಕೂಡಿಟ್ಟ ಹಣದಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯಲಾರದೆ ನಿಂತ ವೃದ್ಧರನ್ನು ಈ ಬಡಾವಣೆ ಕಂಡಿದೆ. ಆದ್ದರಿಂದಲೇ ವಿಮೆಯ ಹಣಕ್ಕೆ ಬೇರೆ ಲೆಕ್ಕ, ಹೊರಗಿನ ತನಿಖೆ, ಸರ್ಕಾರದ ಕಣ್ಣು ಇವು ಅವಶ್ಯಕ.

ವಿಮಾವ್ಯವಹಾರವು ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿದೆ, ನಮ್ಮ ಕೈ ಕಟ್ಟಿದೆ ಎಂದು ವಿಧಾನಸೌಧದವರು ಹೇಳಬಹುದು. ಆದರೆ ಸಾಮಾಜಿಕ ಭದ್ರತೆ ಮತ್ತು ಸಾಮಾಜಿಕ ವಿಮೆಗಳು ಉಭಯರ ಪಟ್ಟಿಯಲ್ಲಿವೆ, ಸಹಕಾರವಂತೂ ರಾಜ್ಯದ್ದೇ. ಕಸಬುವಾರಾಗಿ, ಬೀದಿವಾರಾಗಿ ಸಣ್ಣ ಅಂಗಡಿಗಳ ಸಹಕಾರಸಂಘಗಳನ್ನು ಕೂಡಿಸಿ, ಯಶಸ್ವಿನಿಗೆ ಶಾಸನದ ಬಲವನ್ನು ಕೊಟ್ಟು, ಅದರ ನೆರಳಿಗೆ ಈ ಕೆಲಸಗಾರರನ್ನು ತರುವುದಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಕೇಂದ್ರದವರು ಮಾಡತಕ್ಕದ್ದು ಒಂದೇ: ಸಣ್ಣ ಯಜಮಾನನ ಗುಂಪುವಿಮೆಯ ಮೇಲಿನ ತೆರಿಗೆಯನ್ನು ತೆಗೆಯುವುದು.

ಅಂಗಡಿಯ ಯಜಮಾನರಿಗೂ ಒಂದು ಮಾತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಂತೆ, ಹತ್ತಕ್ಕೆ ಕಡಿಮೆ ಮಂದಿಯಿದ್ದರೂ ಯಜಮಾನನೂ ನೌಕರರಲ್ಲಿ ಬಹುಮಂದಿಯೂ ಒಪ್ಪಿದರೆ ಇ.ಎಸ್.ಐ.ಗೆ ಸ್ವಇಚ್ಛೆಯಿಂದ ಸೇರಬಹುದು. 15,000 ರೂಪಾಯಿ ಸಂಬಳದವನಿಗಾಗಿ ಯಜಮಾನನು ಕೊಡತಕ್ಕದ್ದು ತಿಂಗಳಿಗೆ 487 ರೂಪಾಯಿ 50 ಪೈಸೆ. ನೌಕರನು ಕೊಡತಕ್ಕದ್ದು 112 ರೂಪಾಯಿ 50 ಪೈಸೆ. ಲಾಭ ಕಡಿಮೆಯೆಂಬ ಮಾತು ಸುಳ್ಳಲ್ಲ. ಆದರೆ ನುರಿತ ಕೆಲಸಗಾರನೊಬ್ಬನು ಆಸ್ಪತ್ರೆಯ ಸಾಲಕ್ಕೆ ಸಿಕ್ಕಿ ಊರು ಬಿಟ್ಟರೆ ಅಂಗಡಿಗಾಗುವ ನಷ್ಟ ಇದಕ್ಕಿಂತ ದೊಡ್ಡದು. ತೆರೆದಿರುವ ಬಾಗಿಲಿನಲ್ಲಿ ಮೊದಲು ನಾವು ಹೋಗೋಣ. ಆಮೇಲೆ ಮುಚ್ಚಿರುವ ಬಾಗಿಲುಗಳನ್ನು ಸರ್ಕಾರದವರು ತೆರೆಯಲೆಂದು ಗಟ್ಟಿಯಾಗಿ ಕೇಳುವ ಹಕ್ಕು ನಮ್ಮದಾಗುವುದು.